ಚರಣದ ಮೂರನೇ ಸಾಲಿಗೆ ಬಂದ ಕೂಡಲೇ ಮಕ್ಕಳು ಓಡ್ತಾರೆ, ಏನು ಮಾಡ್ಲಿ?

ಗಣಿತದ_ಮೇಷ್ಟ್ರು · ಭಾನುವಾರ, ರಾತ್ರಿ 10:12

ನಮಸ್ಕಾರ. ನಾನು ಪಾಠ ಮಾಡೋದು ಗಣಿತ. ಸ್ವಲ್ಪ ಹಾಡ್ತೀನಿ, ಹಾರ್ಮೋನಿಯಂ ಮೇಲೆ ಬೆರಳಾಡಿಸ್ತೀನಿ ಅನ್ನೋ ಒಂದೇ ತಪ್ಪಿಗೆ ಶಾಲೆಯ ಸಂಗೀತ ಸಂಜೆಯ ಮೇಳ ನನ್ನ ತಲೆಗೆ ಬಂದಿದೆ. ಇನ್ನು ಮೂರು ವಾರ ಉಳಿದಿದೆ.

ಹಾಡು ನಮ್ಮದೇ. ಕನ್ನಡ ಮೇಡಂ ಬರೆದ ಮಳೆಯ ಪದ್ಯಕ್ಕೆ ಮೋಹನದಲ್ಲಿ ನಾನು ರಾಗ ಹಾಕಿದೆ. ಎರಡು ಸಾಲಿನ ಪಲ್ಲವಿ, ಮೂರು ಚರಣ, ಚರಣಕ್ಕೆ ನಾಲ್ಕು ಸಾಲು, ಸಾಲಿಗೆ 16 ಎಣಿಕೆ. ಹಾಡೋರು 18 ಮಕ್ಕಳು, ಆರರಿಂದ ಎಂಟನೇ ಕ್ಲಾಸಿನವರು. ಜೊತೆಗೆ ಕೀಬೋರ್ಡ್, ಎರಡು ವಯಲಿನ್, ಕೊಳಲು, ಗಿಟಾರ್, ತಬಲಾ, ಟ್ರಯಾಂಗಲ್. ಶ್ರುತಿ ಒಂದು ಮನೆ, ಅಂದ್ರೆ ಹಾರ್ಮೋನಿಯಂನ ಸಿ ಮನೆಯೇ ನಮ್ಮ ಷಡ್ಜ. ವೇಗ ನಿಮಿಷಕ್ಕೆ 96 ಎಣಿಕೆ.

ಪಲ್ಲವಿ ಚೆನ್ನಾಗೇ ಬರುತ್ತೆ. ಚರಣದ ಮೊದಲೆರಡು ಸಾಲೂ ಪರವಾಗಿಲ್ಲ. ಮೂರನೇ ಸಾಲಿಗೆ ಬಂದ್ರೆ ಶುರು ಓಟ! ಮೂರು ಚರಣದಲ್ಲೂ ಅದೇ ಜಾಗ. ಫೋನಲ್ಲಿ ರೆಕಾರ್ಡ್ ಮಾಡಿ ಅಳೆದು ನೋಡಿದೆ, 96ಕ್ಕೆ ಹೊರಟಿದ್ದು ಕೊನೆಯ ಪಲ್ಲವಿ ಹೊತ್ತಿಗೆ 112 ಆಗಿತ್ತು. ತಬಲಾ ಹುಡುಗನಿಗೆ ಎರಡು ಸಲ ಗದರಿದೆ. ಮೊದಲನೇ ಸಲ "ನಾನಲ್ಲ ಸರ್" ಅಂದ. ಎರಡನೇ ಸಲ ಮಾತೇ ಆಡಲಿಲ್ಲ, ಸುತ್ತಿಗೆ ತಗೊಂಡು ತಬಲಾದ ಗಟ್ಟ (ಶ್ರುತಿ ಸೇರಿಸೋ ಮರದ ತುಂಡು) ತಟ್ಟುತ್ತಾ ಕೂತ.

ಲಯ ಹಿಡಿದು ನಿಲ್ಲಿಸೋದು ಹೇಗೆ? ಅನುಭವ ಇರೋರು ಹೇಳಿ.

ಹತ್ತನೇ_ಕ್ಲಾಸ್ · ಭಾನುವಾರ, ರಾತ್ರಿ 10:31

ಸರ್, ಮೊದಲೇ ರೆಕಾರ್ಡ್ ಮಾಡಿದ ವಾದ್ಯದ ಟ್ರ್ಯಾಕ್ ಹಾಕಿಬಿಡಿ. ನಾವು ಹೋದ ವರ್ಷ ಹಾಗೇ ಮಾಡಿದ್ವಿ. ಟ್ರ್ಯಾಕ್ ಯಾವತ್ತೂ ಓಡಲ್ಲ.

ದಾಯಾಂ_ಬಾಯಾಂ · ಭಾನುವಾರ, ರಾತ್ರಿ 10:58

ಸರ, ಮೊದಲ ಆ ಹುಡುಗಗ ಬೈಯೋದು ನಿಲ್ಲಸ್ರಿ. ಹದಿನೆಂಟು ಮಂದಿ ಮುಂದ ಓಡಿದ್ರ ಒಬ್ಬ ತಬಲಾದಾಂವ ಏನ ಮಾಡ್ಯಾನು? ತಾನೂ ಓಡತಾನ. ಓಡಲಿಲ್ಲ ಅಂದ್ರ "ತಬಲಾ ಹಿಂದ ಬಿತ್ತು" ಅಂತ ಮತ್ತ ಅವನ ಮ್ಯಾಲೇ ಬರ್ತದ. ಎರಡೂ ಕಡೆ ಪೆಟ್ಟು.

ಒಂದು ಪರೀಕ್ಷೆ ಮಾಡ್ರಿ. ನಾಳೆ ತಬಲಾ ಪೂರಾ ಬಂದ್ ಮಾಡಿ, ಬರೇ ಹಾಡೋ ಹುಡುಗರನ್ನ ನಿಲ್ಲಿಸಿ ಹಾಡಸ್ರಿ. ಆಗೂ ಓಡಿದ್ರ ತಬಲಾ ತಪ್ಪಲ್ಲ. ಓಡಲಿಲ್ಲ ಅಂದ್ರ ಬಂದು ನನಗ ಬೈರಿ.

ಟ್ರ್ಯಾಕ್ ಓಡೂದಿಲ್ಲ, ಖರೇ. ಆದ್ರ ಅದು ನಿಲ್ಲೂದೂ ಇಲ್ಲ ತಮ್ಮಾ. ಒಂದು ಸಾಲ ಮರೆತ್ರ ಹುಡುಗರು ಒಂದು ಕಡೆ, ಟ್ರ್ಯಾಕ್ ಒಂದು ಕಡೆ. ಎದುರಿಗೆ ಕೂತ ತಬಲಾದಾಂವ ಆದ್ರ ಅವರ ಬಾಯಿ ನೋಡಿ ಒಂದು ಆವರ್ತ ಹೆಚ್ಚು ಬಾರಿಸಿ ಕಾಯತಾನ.

ಹತ್ತನೇ_ಕ್ಲಾಸ್ · ಭಾನುವಾರ, ರಾತ್ರಿ 11:04

ಅದೂ ಸರಿನೇ. ನಮ್ಮದು ಹಾಗೇ ಆಗಿತ್ತು. ಹೇಳೋದು ಬೇಡ ಅಂತಿದ್ದೆ. ಕೊನೆಗೆ ಟ್ರ್ಯಾಕ್ ಮುಗಿದ ಮೇಲೂ ನಾವು ಒಂದು ಸಾಲು ಹಾಡಿದ್ವಿ.

ಕಪ್ಪು_ಬಿಳಿ_ಮನೆ · ಸೋಮವಾರ, ಬೆಳಗ್ಗೆ 7:20

ಮೇಷ್ಟ್ರೇ, ಲಯದ ವಿಚಾರ ಬಲ್ಲವರು ಹೇಳ್ಲಿ. ನನ್ನ ಕಣ್ಣು ಹೋಗಿದ್ದು "ಶ್ರುತಿ ಒಂದು ಮನೆ" ಅನ್ನೋದರ ಮೇಲೆ. ಅದು ನಿಮ್ಮ ಶ್ರುತಿ ಅಲ್ವಾ? ಗಂಡಸರ ಕಂಠಕ್ಕೆ ಒಂದು, ಒಂದೂವರೆ ಮನೆ ಹಿತ. ಹನ್ನೊಂದು ಹನ್ನೆರಡು ವರ್ಷದ ಮಕ್ಕಳಿಗೆ ಅದೇ ಮನೇಲಿ ಮಂದ್ರದ (ಕೆಳ ಸ್ಥಾಯಿಯ) ಪಂಚಮ ಕೊಟ್ರೆ ಸ್ವರ ಬರಲ್ಲ, ಗಾಳಿ ಬರುತ್ತೆ. ನಿಮ್ಮ ಹಾಡು ಎಲ್ಲಿಂದ ಎಲ್ಲಿಗೆ ಹೋಗುತ್ತೆ?

ಇನ್ನೊಂದು, ಕೀಬೋರ್ಡ್ ನುಡಿಸೋ ಮಗು ಯಾವ ಕಾರ್ಡ್ (ಒಟ್ಟಿಗೆ ಒತ್ತೋ ಸ್ವರಗಳ ಗುಂಪು) ಹಿಡೀತಿದೆ? ಮೋಹನ ಅಂದ್ರೆ ಸ ರಿ ಗ ಪ ದ, ಅಂದ್ರೆ ಒಂದು ಮನೇಲಿ ಸಿ ಡಿ ಇ ಜಿ ಎ. ಸಿ ಮೇಜರ್ ಮತ್ತು ಎ ಮೈನರ್ ಪೂರ್ತಿ ರಾಗದ ಒಳಗೇ ಕೂರ್ತವೆ. ಎಫ್ ಹಿಡಿದರೆ ಮಧ್ಯಮ ಬಂತು, ಜಿ ಹಿಡಿದರೆ ನಿಷಾದ ಬಂತು, ಎರಡೂ ಮೋಹನದಲ್ಲಿಲ್ಲ. ಮಕ್ಕಳು ಗಾಂಧಾರದಲ್ಲಿ ನಿಂತಾಗ ಕೆಳಗೆ ಎಫ್ ಕಾರ್ಡ್ ಬಿದ್ದರೆ ಅರ್ಧ ಸ್ವರದ ಅಂತರದಲ್ಲಿ ಎರಡು ಸ್ವರ ಒಂದನ್ನೊಂದು ಕಚ್ಚುತ್ತವೆ. ಬೇಕಂತಲೇ ಹಾಕಿದ್ರೆ ಅದು ಬೇರೆ ಮಾತು. ಗೊತ್ತಿಲ್ಲದೆ ಬಿದ್ದಿದ್ರೆ ಮಕ್ಕಳು ಅಲ್ಲಿ ಅಪಶ್ರುತಿ ಆಗ್ತಾರೆ, ಆಮೇಲೆ ಬೈಸ್ಕೋತಾರೆ.

ಗಣಿತದ_ಮೇಷ್ಟ್ರು · ಸೋಮವಾರ, ಸಂಜೆ 6:45

ತಬಲಾ ನಿಲ್ಲಿಸಿ ಹಾಡಿಸಿದೆ. ಓಡಿದರು. ಅದೇ ಮೂರನೇ ಸಾಲು. ದಾಯಾಂ_ಬಾಯಾಂ ಸರ್, ಹುಡುಗನ ಹತ್ತಿರ ಕ್ಷಮೆ ಕೇಳಿದೆ. "ಪರವಾಗಿಲ್ಲ ಸರ್" ಅಂದ, ಆದ್ರೆ ಮುಖ ನೋಡಿದ್ರೆ ಪರವಾಗಿರೋ ಹಾಗೇ ಇತ್ತು.

ಹಾಡು ಮಂದ್ರ ಪಂಚಮದಿಂದ ತಾರ (ಮೇಲಿನ ಸ್ಥಾಯಿಯ) ಷಡ್ಜದವರೆಗೆ. ಹೌದು, ಶ್ರುತಿ ನನ್ನದೇ. ನನ್ನ ಕಂಠಕ್ಕೆ ಕೂತಿತ್ತು, ಕೀಬೋರ್ಡ್ ಹುಡುಗಿಗೂ ಬರೀ ಬಿಳಿ ಮನೆ ಸಲೀಸು ಅಂತ ಹಾಗೇ ಬಿಟ್ಟೆ. ಎಫ್ ಕಾರ್ಡ್ ಇತ್ತು. ತೆಗೆಸಿದೆ. ಪಲ್ಲವಿಯ ಎರಡನೇ ಸಾಲು ಒಮ್ಮೆಲೇ ತಿಳಿಯಾಯ್ತು. ಎರಡು ವಾರದಿಂದ ಆ ಸಾಲನ್ನ ತಿದ್ದುತ್ತಾ ಇದ್ದೆ ಮಾರಾಯ್ರೇ.

ಕಪ್ಪು_ಬಿಳಿ_ಮನೆ · ಸೋಮವಾರ, ರಾತ್ರಿ 8:02

ಮೂರು ಮನೆಗೆ ಏರಿಸಿದ್ರೆ ಮಕ್ಕಳಿಗೆ ಚೆಂದ. ಆದ್ರೆ ತಬಲಾ ಅಷ್ಟು ಏರಲ್ಲ, ಕೊಳಲೂ ಬೇರೆ ಬೇಕಾಗುತ್ತೆ. ಎರಡು ಮನೆಗೆ, ಅಂದ್ರೆ ಡಿಗೆ, ರಾಜಿ ಆಗಿ. ವಯಲಿನ್ ಪಾಶ್ಚಾತ್ಯ ಶ್ರುತಿಯಲ್ಲಿ ಕಟ್ಟಿದ್ರೆ ಡಿ ಮತ್ತು ಎ ತಂತಿ ಖಾಲಿ ಬಿಟ್ಟರೇ ಸ-ಪ. ಗಿಟಾರ್ ಕತ್ತಿನ ಎರಡನೇ ಮನೇಲಿ ಕ್ಯಾಪೋ (ತಂತಿ ಒತ್ತಿ ಹಿಡಿಯೋ ಕ್ಲಿಪ್) ಹಾಕಿ, ಹುಡುಗ ಹಳೇ ಕಾರ್ಡ್‌ಗಳನ್ನೇ ಹಿಡೀಲಿ. ಕೀಬೋರ್ಡ್‌ನಲ್ಲಿ ಟ್ರಾನ್ಸ್‌ಪೋಸ್ (ಶ್ರುತಿ ಏರಿಸಿಳಿಸೋ ಗುಂಡಿ) +2, ಹುಡುಗಿಯ ಬೆರಳು ಎಲ್ಲಿತ್ತೋ ಅಲ್ಲೇ.

ಒಂದು ಎಚ್ಚರಿಕೆ. ಬಹಳಷ್ಟು ಕೀಬೋರ್ಡ್‌ಗಳು ಆಫ್ ಆಗಿ ಆನ್ ಆದ್ರೆ ಟ್ರಾನ್ಸ್‌ಪೋಸ್ ಮರೆತು ಸೊನ್ನೆಗೆ ಬಂದು ಕೂರ್ತವೆ. ಟೇಪ್ ತುಂಡಿನ ಮೇಲೆ ದಪ್ಪಗೆ +2 ಅಂತ ಬರೆದು ಕಣ್ಣಿಗೆ ಕಾಣೋ ಹಾಗೆ ಅಂಟಿಸಿ.

ದಾಯಾಂ_ಬಾಯಾಂ · ಸೋಮವಾರ, ರಾತ್ರಿ 8:40

ಎರಡು ಮನಿ ಅಂದ್ರ ಆ ತಬಲಾ ಯಾವುದು ಅಂತ ನೋಡ್ಕೋರಿ. ಒಂದೂವರಿ ಮನಿದಿದ್ರ ಅರ್ಧ ಸ್ವರ ಏರಸಬಹುದು. ಒಂದ ಮನಿದನ್ನ ಎರಡಕ್ಕ ಜಗ್ಗಿದ್ರ ಕಿನಾರ (ಅಂಚು) ಕಟಕಟ ಅಂತದ, ಪುಡಿ (ಮ್ಯಾಲಿನ ಚರ್ಮ) ಹರದ್ರೂ ಹರೀಬಹುದು. ಏರಸೋದಿದ್ರ ಹಿಂದಿನ ದಿನಾನೇ ಏರಸ್ರಿ. ಮರುದಿನ ಇಳದಿರ್ತದ, ಮತ್ತ ಕೂಡಸ್ರಿ. ವೇದಿಕೆ ಮ್ಯಾಲೆ ಕೂತು ಏರಸಬ್ಯಾಡ್ರಿ.

ಎರಡನೇ_ಸಾಲು · ಸೋಮವಾರ, ರಾತ್ರಿ 9:55

ಮೇಷ್ಟ್ರೇ, ನಾನು ಮಕ್ಕಳ ಗಾಯನ ತಂಡ ನಡೆಸ್ತೀನಿ. ಶ್ರುತಿ, ಕಾರ್ಡ್ ಎಲ್ಲ ಸರಿ, ಆದ್ರೆ ನೀವು ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಮೂರು ಚರಣ, ಮೂರರಲ್ಲೂ ಒಂದೇ ಜಾಗದಲ್ಲಿ ಓಡ್ತಾರೆ ಅಂದ್ರೆ ಅದು ಲಯಜ್ಞಾನದ ಕೊರತೆ ಅಲ್ಲ. ಲಯ ಇಲ್ಲದವರು ಎಲ್ಲೆಂದರಲ್ಲಿ ಓಡ್ತಾರೆ. ಆ ಜಾಗದಲ್ಲಿ ಏನೋ ಇದೆ.

ಎರಡನೇ ಸಾಲಿನ ಕೊನೆ ಮತ್ತು ಮೂರನೇ ಸಾಲಿನ ಮೊದಲು, ಅಕ್ಷರ ಅಕ್ಷರವಾಗಿ, ಯಾವ ಎಣಿಕೆಗೆ ಯಾವ ಅಕ್ಷರ ಅಂತ ಬರೆದು ಹಾಕಿ.

ಗಣಿತದ_ಮೇಷ್ಟ್ರು · ಸೋಮವಾರ, ರಾತ್ರಿ 10:20

ಮೊದಲ ಚರಣ, ಎರಡನೇ ಸಾಲು: "ಹನಿಯೊಂದು ಜಾರಿತು ಎಲೆಯಂಚಿಗೇ". ಕೊನೆಯ "ಗೇ" 13ನೇ ಎಣಿಕೆಗೆ ಬಂದು 16ರವರೆಗೆ ನೀಳವಾಗಿ ನಿಲ್ಲುತ್ತೆ.

ಮೂರನೇ ಸಾಲು: "ಮರಳಿ ಬಾ ಮುಗಿಲೇ". ಇದು ಅತೀತ. "ಮರ" ತಾಳಕ್ಕಿಂತ ಮುಂಚೆ, ಹಿಂದಿನ 16ನೇ ಎಣಿಕೆಯಲ್ಲೇ ಎತ್ತಿಕೊಳ್ಳಬೇಕು. "ಳಿ" ಸಮಕ್ಕೆ, ಅಂದ್ರೆ ಮೊದಲ ಎಣಿಕೆಗೆ, ಬೀಳುತ್ತೆ.

ಬರೆದ ಮೇಲೆ ಗೊತ್ತಾಗ್ತಿದೆ. 16ನೇ ಎಣಿಕೆಯಲ್ಲಿ "ಗೇ"ನೂ ಇದೆ, "ಮರ"ನೂ ಇದೆ.

ಎರಡನೇ_ಸಾಲು · ಸೋಮವಾರ, ರಾತ್ರಿ 10:26

ಉಸಿರು ಎಲ್ಲಿದೆ?

ಗಣಿತದ_ಮೇಷ್ಟ್ರು · ಸೋಮವಾರ, ರಾತ್ರಿ 10:41

ಇಲ್ಲ.

ಮೊದಲು ಇತ್ತು ಮೇಡಂ. ಎರಡನೇ ಸಾಲಿಗೂ ಮೂರನೇ ಸಾಲಿಗೂ ನಡುವೆ 8 ಎಣಿಕೆ ಕೊಳಲು ಬರ್ತಿತ್ತು. ಒಂದು ತಂಡಕ್ಕೆ ನಾಲ್ಕೇ ನಿಮಿಷ ಅಂದರು. ನಮ್ಮದು ನಾಲ್ಕು ನಿಮಿಷ ಹದಿನೈದು ಸೆಕೆಂಡ್ ಬರ್ತಿತ್ತು. ಲೆಕ್ಕ ಹಾಕಿದೆ: 96ರ ವೇಗದಲ್ಲಿ ಒಂದು ಎಣಿಕೆಗೆ 0.625 ಸೆಕೆಂಡ್, 8 ಎಣಿಕೆಗೆ 5 ಸೆಕೆಂಡ್, ಮೂರು ಚರಣಕ್ಕೆ ಸರಿಯಾಗಿ 15 ಸೆಕೆಂಡ್. ಮೂರೂ ಕತ್ತರಿಸಿದೆ. ಲೆಕ್ಕ ಎಷ್ಟು ಚೆನ್ನಾಗಿ ಕೂತಿತು ಅಂತ ಅವತ್ತು ಖುಷಿಪಟ್ಟಿದ್ದೆ.

ಎರಡನೇ_ಸಾಲು · ಸೋಮವಾರ, ರಾತ್ರಿ 11:10

ನಿಮ್ಮ ಲೆಕ್ಕ ಸರಿ ಇದೆ, ಮಕ್ಕಳ ಲೆಕ್ಕವೂ ಸರಿ ಇದೆ. ಉಸಿರು ತಗೊಳ್ಳೋಕೆ ಅವರು "ಗೇ"ನ ಅರ್ಧಕ್ಕೆ ಕಡೀತಿದ್ದಾರೆ. ಕಡಿದು ಉಸಿರೆಳೆದ ಮೇಲೆ ಸುಮ್ಮನೆ ನಿಲ್ಲೋಕೆ ಭಯ, ಪಕ್ಕದವನು ಬಾಯಿ ತೆರೆದ ಅಂತ ಎಲ್ಲರೂ "ಮರ" ಅಂತ ಮುಂಚೆನೇ ಧುಮುಕ್ತಾರೆ. ಅಲ್ಲಿ ಗೆದ್ದ ಅರ್ಧ ಎಣಿಕೆ ವಾಪಸ್ ಬರಲ್ಲ, ಹೊಸ ವೇಗವೇ ವೇಗ ಆಗುತ್ತೆ. ಮುಂದಿನ ಚರಣದಲ್ಲಿ ಅದರ ಮೇಲೆ ಇನ್ನೊಂದು ಅರ್ಧ. 96 ಹೀಗೇ 112 ಆಗಿದೆ.

ಆ 8 ಎಣಿಕೆ ಹಿಂದಕ್ಕೆ ಹಾಕಿ. ಹದಿನೈದು ಸೆಕೆಂಡ್ ಬೇರೆ ಕಡೆ ಹುಡುಕಿ. ಶುರುವಿನ ವಾದ್ಯಭಾಗ ಎಷ್ಟಿದೆ? ಕೊನೇಲಿ ಪಲ್ಲವಿ ಪೂರ್ತಿ ಬರಬೇಕಾ? ದೊಡ್ಡವರು ರಾಗ ಹಾಕುವಾಗ ಯಾವಾಗಲೂ ಕತ್ತರಿ ಬೀಳೋದು ಬಿಡುವಿನ ಮೇಲೆ, ಯಾಕಂದ್ರೆ ಅಲ್ಲಿ ಮಾತಿಲ್ಲ. ಹಾಡೋರು ಬದುಕೋದು ಅಲ್ಲೇ.

ಟ್ರಯಾಂಗಲ್_ಅಮ್ಮ · ಮಂಗಳವಾರ, ಮಧ್ಯಾಹ್ನ 1:15

ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ನನ್ನ ಮಗಳು ಬೇರೆ ಶಾಲೆಯ ತಂಡದಲ್ಲಿ ಟ್ರಯಾಂಗಲ್ ಬಾರಿಸ್ತಾಳೆ. ಮೂರು ತಿಂಗಳ ಅಭ್ಯಾಸ, ಇಡೀ ಹಾಡಿಗೆ ಮೂರೇ ಏಟು. ಮೊದಲು ನನಗೆ ಸಿಟ್ಟು ಬಂದಿತ್ತು. ಟೀಚರನ್ನ ಕೇಳೋಣ ಅಂತ ಹೊರಟಿದ್ದೆ, ಮಗಳೇ ತಡೆದಳು: "ಅಮ್ಮ, ನಾನು ನೂರಾ ಹನ್ನೆರಡು ಎಣಿಸ್ಬೇಕು. ಎಲ್ಲರಿಗಿಂತ ನಂದೇ ಕಷ್ಟ." ಈಗ ಮನೇಲಿ ಅವಳು ಎಣಿಸುವಾಗ ಯಾರೂ ಮಾತಾಡೋ ಹಾಗಿಲ್ಲ.

ಮೇಷ್ಟ್ರೇ, ನಿಮ್ಮ ಹಾಡಲ್ಲಿ ಟ್ರಯಾಂಗಲ್ ಎಷ್ಟು ಸಲ ಬರುತ್ತೆ?

ಗಣಿತದ_ಮೇಷ್ಟ್ರು · ಮಂಗಳವಾರ, ಸಂಜೆ 7:05

ಅಮ್ಮಾ, ಹೇಳೋಕೆ ನಾಚಿಕೆ. ಪ್ರತಿ ಎಣಿಕೆಗೂ. ಮಗು ಬೇಜಾರಾಗಬಾರದು ಅಂತ.

ಅಭ್ಯಾಸದ ವಿವರ: 8 ಎಣಿಕೆ ಮರಳಿ ಹಾಕಿದೆ. ಶುರುವಿನ ವಾದ್ಯಭಾಗ 16 ಎಣಿಕೆಯಿಂದ 8ಕ್ಕೆ ಇಳಿಸಿ 5 ಸೆಕೆಂಡ್, ಕೊನೆಯ ಸಲ ಪಲ್ಲವಿಯ ಒಂದೇ ಸಾಲು ಹಾಡಿಸಿ 10 ಸೆಕೆಂಡ್ ಉಳಿಸಿದೆ. ಮಕ್ಕಳಿಗೆ ಏನೂ ಹೇಳಲಿಲ್ಲ. "ಓಡಬೇಡಿ" ಅಂತಲೂ ಹೇಳಲಿಲ್ಲ. ಮೂರನೇ ಸಾಲಿಗೆ ಬಂದರು, ಕೊಳಲು ಬಂತು, 18 ಜನರ ಭುಜ ಒಟ್ಟಿಗೆ ಮೇಲೆದ್ದು ಇಳಿದವು. ಕೊನೆಗೆ ಅಳೆದಾಗ 98.

ದಾಯಾಂ_ಬಾಯಾಂ · ಮಂಗಳವಾರ, ರಾತ್ರಿ 8:30

98 ಅಂದ್ರ ಜೀವ ಇರೋ ಮಂದಿ ಹಾಡ್ಯಾರ ಅಂತ ಅರ್ಥ. ಅದನ್ನ ಮುಟ್ಟಬ್ಯಾಡ್ರಿ.

ಆದ್ರ ಭುಜ ಎತ್ತಿ ಉಸಿರು ತಗೋಬಾರದು ಅಂತ ಮೇಡಂ ಈಗ ಹೇಳತಾರ ನೋಡ್ರಿ.

ಎರಡನೇ_ಸಾಲು · ಮಂಗಳವಾರ, ರಾತ್ರಿ 8:52

ಹೇಳ್ತೀನಿ! ಭುಜ ಎದ್ದರೆ ಎದೆಯ ಮೇಲುಭಾಗದಲ್ಲಷ್ಟೇ ಗಾಳಿ ತುಂಬುತ್ತೆ. ಪಕ್ಕೆ ಮೇಲೆ ಕೈ ಇಟ್ಟುಕೊಂಡು, ಕೈ ಹೊರಗೆ ಹೋಗೋ ಹಾಗೆ ಉಸಿರೆಳೀಲಿ. ದಿನಾ ಎರಡು ನಿಮಿಷ ಸಾಕು.

ಇನ್ನೊಂದು ಕೆಲಸ. ನೀವು ಗಣಿತದವರು, ಚೌಕಳಿ ಹಾಕಿ. ಅಡ್ಡಕ್ಕೆ ಏಳು ವಾದ್ಯ, ಉದ್ದಕ್ಕೆ ಹಾಡಿನ ಸಾಲುಗಳು. ಯಾರು ಎಲ್ಲಿ ನುಡಿಸ್ತಾರೋ ಅಲ್ಲಿ ಗುರುತು ಹಾಕಿ. ಈಗಿರೋ ಹಾಗೇ ಹಾಕಿ, ಸುಳ್ಳು ಹೇಳಬೇಡಿ.

ಗಣಿತದ_ಮೇಷ್ಟ್ರು · ಗುರುವಾರ, ರಾತ್ರಿ 9:30

15 ಸಾಲು, 7 ವಾದ್ಯ, 105 ಚೌಕ. 105ರಲ್ಲೂ ಗುರುತು. ಹಾಳೆ ನೋಡಿದ್ರೆ ಹಾಜರಿ ಪುಸ್ತಕದ ಹಾಗಿತ್ತು, ಒಬ್ಬರೂ ಗೈರಿಲ್ಲ. ವಯಲಿನ್, ಕೊಳಲು, ಕೀಬೋರ್ಡಿನ ಬಲಗೈ ಎಲ್ಲವೂ ಮಕ್ಕಳು ಹಾಡೋ ರಾಗವನ್ನೇ ನುಡಿಸ್ತಿದ್ವು.

ಮೇಳದವರನ್ನೆಲ್ಲ ಕೂರಿಸಿ ರಬ್ಬರ್ ಕೊಟ್ಟೆ. "ನಿಮ್ಮ ನಿಮ್ಮ ಕಾಲಂ ನೀವೇ ಅಳಿಸಿ, ಆದ್ರೆ ಯಾಕೆ ಅಂತ ಹೇಳಿ" ಅಂದೆ. ಇಬ್ಬರು ವಯಲಿನ್ ಹುಡುಗಿಯರು ಮೊದಲ ಚರಣ ಪೂರ್ತಿ ಅಳಿಸಿ ಸ-ಪ ಮಾತ್ರ ಎಳೀತೀವಿ ಅಂದ್ರು. ಗಿಟಾರ್ ಹುಡುಗ ಒಂದು ಚೌಕವನ್ನೂ ಬಿಡಲಿಲ್ಲ, ಕಾಗದದ ಮೇಲೆ ಅಂಗೈ ಇಟ್ಟುಕೊಂಡು ಕೂತ. ಹೋಗ್ಲಿ, ಎರಡನೇ ಚರಣ ಅವನಿಗೇ ಅಂತ ತಬಲಾನೇ ನಿಲ್ಲಿಸಿದ್ವಿ. ಟ್ರಯಾಂಗಲ್ ಹುಡುಗಿ ತನ್ನ ಕಾಲಂ ಪೂರ್ತಿ ಅಳಿಸಿ ಮೂರು ಮಾತ್ರ ಉಳಿಸಿಕೊಂಡಳು, ಪ್ರತಿ "ಎಲೆಯಂಚಿಗೇ" ತರಹದ ಸಾಲಿನ ತುದಿಗೆ ಒಂದೊಂದು. ಹನಿ ಬಿದ್ದ ಹಾಗೆ. ನಾನು ಹೇಳಿಕೊಟ್ಟದ್ದಲ್ಲ. ಕೊನೆಗೆ 46 ಗುರುತು ಉಳಿದವು.

ಇನ್ನೊಂದು ಸಮಸ್ಯೆ. ಎಂಟನೇ ಕ್ಲಾಸಿನ ಒಬ್ಬ ಹುಡುಗ ಬರೀ ಬಾಯಿ ಆಡಿಸ್ತಿದ್ದಾನೆ, ಸ್ವರ ಇಲ್ಲ. ಕೇಳಿದ್ರೆ ತಲೆ ತಗ್ಗಿಸ್ತಾನೆ.

ಎರಡನೇ_ಸಾಲು · ಗುರುವಾರ, ರಾತ್ರಿ 10:05

ಧ್ವನಿ ಒಡೀತಿದೆ. ಎಲ್ಲರೆದುರು ಕೇಳಬೇಡಿ. ಹೊರಗೆ ಕರೆದು, ಯಾವ ಸ್ವರಗಳು ನೋವಿಲ್ಲದೆ ಬರ್ತವೆ ನೋಡಿ. ಮೂರು ನಾಲ್ಕು ಸಿಕ್ಕಿದ್ರೂ ಸಾಕು. ಪಲ್ಲವಿಯಲ್ಲಿ ಕೆಳಗಿನ ಸ್ಥಾಯಿಯ ಷಡ್ಜ ಹಿಡಿದು ನಿಲ್ಲೋ ಕೆಲಸ ಕೊಡಿ. ಈ ವಾರ ಬಂದ ಸ್ವರ ಮುಂದಿನ ವಾರ ಬರದೇ ಇರಬಹುದು, ಆಗ ಮತ್ತೆ ನೋಡಿದ್ರಾಯ್ತು. ಅವನಿಗೆ ಬೇಕಿರೋದು ಬಾಯಿ ತೆರೆದರೆ ನಗೋರು ಇಲ್ಲ ಅನ್ನೋ ಧೈರ್ಯ.

ಗಣಿತದ_ಮೇಷ್ಟ್ರು · ಎರಡು ವಾರದ ನಂತರ, ಬುಧವಾರ, ರಾತ್ರಿ 8:15

ಶನಿವಾರ ಕಾರ್ಯಕ್ರಮ. ಇವತ್ತು ಮೊದಲ ಸಲ ಸಭಾಂಗಣದಲ್ಲಿ ಅಭ್ಯಾಸ ಮಾಡಿದ್ವಿ. ಈಗ ತಿರುಗುಮುರುಗು! ಕ್ಲಾಸ್ ರೂಮಲ್ಲಿ ಓಡ್ತಿದ್ದೋರು ಇಲ್ಲಿ ಎಳೀತಿದ್ದಾರೆ. 96 ಹೋಗಿ 88. ಎರಡನೇ_ಸಾಲು ಮೇಡಂ, ಉಸಿರಿಗೆ ಜಾಗ ಇದೆ, ಆಣೆಗೂ ಇದೆ.

ಮಿಕ್ಸರ್_ಮಾಮ · ಬುಧವಾರ, ರಾತ್ರಿ 8:48

ಇದು ನನ್ನ ಇಲಾಖೆ. ಸಭಾಂಗಣ ಖಾಲಿ ಇತ್ತಾ? ವೇದಿಕೆಯಿಂದ ಹಿಂದಿನ ಗೋಡೆಗೆ ಎಷ್ಟು ದೂರ? ಮೈಕ್ ಎಷ್ಟು ಇಟ್ಟಿದ್ರಿ?

ಗಣಿತದ_ಮೇಷ್ಟ್ರು · ಬುಧವಾರ, ರಾತ್ರಿ 8:55

ಖಾಲಿ. ಸುಮಾರು 20 ಮೀಟರ್. ಮೈಕ್ ಆರು. ತಬಲಾ ವೇದಿಕೆಯ ಎಡ ತುದಿ, ಹಾಡೋರು ಬಲ ತುದಿ.

ಮಿಕ್ಸರ್_ಮಾಮ · ಬುಧವಾರ, ರಾತ್ರಿ 9:20

ನೀವೇ ಲೆಕ್ಕ ಹಾಕಿ ಮೇಷ್ಟ್ರೇ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. ಹಿಂದಿನ ಗೋಡೆಗೆ ಹೋಗಿ ಬರೋದು 40 ಮೀಟರ್, ಅಂದ್ರೆ 0.117 ಸೆಕೆಂಡ್. ಸ್ಪೀಕರಿಂದ ಹೊರಟ ತಬಲಾ ಗೋಡೆಗೆ ಬಡಿದು ಅಷ್ಟು ತಡವಾಗಿ ಮಕ್ಕಳ ಕಿವಿಗೆ ಬರುತ್ತೆ. ನಿಜವಾದ ತಬಲಾ ಅವರಿಂದ ಹತ್ತು ಮೀಟರ್ ದೂರ, ಮೆಲ್ಲಗೆ. ಗೋಡೆಯ ತಬಲಾ ಜೋರು. ಯಾವುದನ್ನ ಹಿಡೀತಾರೆ? ಜೋರಿರೋದನ್ನ. ಅದಕ್ಕೆ ತಬಲಾದವನು ಕಾಯ್ತಾನೆ. ಇಬ್ಬರೂ ಒಬ್ಬರಿಗೊಬ್ಬರು ಕಾಯ್ತಾ ಕಾಯ್ತಾ 88.

ತಬಲಾವನ್ನ ಹಾಡೋರ ಮಗ್ಗುಲಿಗೇ ತಂದು ಕೂರಿಸಿ. ಮಕ್ಕಳನ್ನ ಒಂದೇ ಉದ್ದ ಸಾಲಲ್ಲಿ ನಿಲ್ಲಿಸಬೇಡಿ, ಅರ್ಧಚಂದ್ರಾಕಾರ, ಮೂರು ಸಾಲು. ಹಾಡೋರಿಗೆ ಎರಡೇ ಮೈಕ್ ಸಾಕು. ಮೈಕಿಂದ ಮಕ್ಕಳಿಗೆ ಒಂದು ಮೀಟರ್ ಇದ್ರೆ ಮೈಕ್ ಮೈಕ್ ನಡುವೆ ಕನಿಷ್ಠ ಮೂರು ಮೀಟರ್ ಇರಲಿ, ಇಲ್ಲಾಂದ್ರೆ ಒಂದೇ ಧ್ವನಿ ಎರಡು ಮೈಕಲ್ಲಿ ಸಿಕ್ಕಿ ಟೊಳ್ಳು ಕೇಳುತ್ತೆ. ಶನಿವಾರ ಜನ ತುಂಬಿದ ಮೇಲೆ ಗೋಡೆಯ ಸದ್ದು ತಾನಾಗೇ ತಗ್ಗುತ್ತೆ. ಬಟ್ಟೆ ತೊಟ್ಟ ಮನುಷ್ಯರಷ್ಟು ಶಬ್ದ ಹೀರೋ ವಸ್ತು ಕಡಿಮೆ.

ಕೊಳಲಿನ ಹುಡುಗಿಗೂ ಹೇಳಿ. ತುಂಬಿದ ಸಭಾಂಗಣದಲ್ಲಿ ಸೆಖೆ. ಒಂದು ಡಿಗ್ರಿ ಏರಿದ್ರೆ ಕೊಳಲಿನ ಶ್ರುತಿ ಅರ್ಧ ಸ್ವರದ ನೂರರಲ್ಲಿ ಮೂರು ಪಾಲಿನಷ್ಟು ಏರುತ್ತೆ. ಹತ್ತು ಡಿಗ್ರಿಗೆ ಮೂವತ್ತು ಪಾಲು, ಕಿವಿಗೆ ಹೊಡೆಯೋಷ್ಟು. ತಂತಿ ಸೆಖೆಗೆ ಸಡಿಲಾಗಿ ಇಳಿಯುತ್ತೆ. ಅದಕ್ಕೇ ವೇದಿಕೆ ಮೇಲೆ ಕೊಳಲೂ ವಯಲಿನ್ನೂ ಜಗಳ ಆಡೋದು. ಹತ್ತು ನಿಮಿಷ ಮುಂಚೆ ಬಂದು ಅಲ್ಲೇ ಶ್ರುತಿ ಸೇರಿಸ್ಕೊಳ್ಳಲಿ.

ಗಣಿತದ_ಮೇಷ್ಟ್ರು · ಶನಿವಾರ, ರಾತ್ರಿ 11:40

ಮುಗೀತು. ಕೈ ಇನ್ನೂ ನಡುಗ್ತಿದೆ, ಆದಷ್ಟು ಬರೀತೀನಿ.

ನಮ್ಮ ಹಿಂದಿನ ತಂಡ ಇಳಿಯುವಾಗ ಯಾರೋ ವೈರ್ ಎಡವಿದರು. ಕೀಬೋರ್ಡ್ ಆಫ್ ಆಯ್ತು, ಮತ್ತೆ ಆನ್ ಮಾಡಿದ್ರು. ನಾನು ಅದನ್ನ ನೋಡಲೇ ಇಲ್ಲ. ಪರದೆ ಸರಿಯಿತು. ಮಕ್ಕಳಿಗೆ ಶ್ರುತಿ ಕೊಡು ಅಂತ ಕೀಬೋರ್ಡ್ ಹುಡುಗಿಗೆ ಕಣ್ಸನ್ನೆ ಮಾಡಿದೆ. ಅವಳು ಒತ್ತಿದಳು. ಅದೇ ಹೊತ್ತಿಗೆ ವಯಲಿನ್ ಹುಡುಗಿ ಡಿ ತಂತಿ ಎಳೆದಳು. ಎರಡು ಬೇರೆ ಬೇರೆ ಷಡ್ಜ! ಒಂದು ಕ್ಷಣ ನನ್ನ ಹೊಟ್ಟೆ ಕಾಲಿಗೆ ಇಳೀತು. ಕೀಬೋರ್ಡ್ ಹುಡುಗಿ ಟೇಪ್ ತುಂಡು ನೋಡಿದಳು, ಕೀಬೋರ್ಡಿನ ಪುಟ್ಟ ಪರದೆಯ ಸೊನ್ನೆ ನೋಡಿದಳು, ಗುಂಡಿ ಎರಡು ಸಲ ಒತ್ತಿದಳು. ವಯಲಿನ್ ಹುಡುಗಿ ಕಮಾನು ಎತ್ತಲೇ ಇಲ್ಲ, ಸ-ಪ ಎಳೀತಾನೇ ಇದ್ದಳು, ಹಾಡಿನ ಶುರುವೇ ಹಾಗೆ ಅನ್ನೋ ಹಾಗೆ. ಕಪ್ಪು_ಬಿಳಿ_ಮನೆ ಅವರಿಗೆ ಆ ಟೇಪ್ ತುಂಡನ್ನ ಚೌಕಟ್ಟು ಹಾಕಿಸಿ ಕಳಿಸಬೇಕು.

ಮೂರನೇ ಸಾಲು ಮೂರು ಸಲವೂ ನಿಂತಿತು. ಎರಡನೇ ಚರಣದಲ್ಲಿ ಗಿಟಾರ್ ಹುಡುಗ ಒಂದು ಕಾರ್ಡ್ ತಪ್ಪಿದ, ನಕ್ಕ, ಮುಂದುವರಿಸಿದ. ಧ್ವನಿ ಒಡೆದ ಹುಡುಗ ಕೊನೆಯ ಪಲ್ಲವಿಯಲ್ಲಿ ಕೆಳ ಷಡ್ಜ ಹಿಡಿದಾಗ ಮುಂದಿನ ಸಾಲಿನ ಇಬ್ಬರು ತಿರುಗಿ ನೋಡಿದರು. ನಗೋಕಲ್ಲ. ಆ ಸದ್ದು ಎಲ್ಲಿಂದ ಬಂತು ಅಂತ.

ನಾಲ್ಕು ನಿಮಿಷ ಆರು ಸೆಕೆಂಡ್ ಆಯ್ತಂತೆ. ಶ್ರುತಿ ಗಲಾಟೆಯದ್ದು. ಯಾರೂ ಗಂಟೆ ಹೊಡೀಲಿಲ್ಲ.

ಟ್ರಯಾಂಗಲ್_ಅಮ್ಮ · ಭಾನುವಾರ, ಬೆಳಗ್ಗೆ 8:10

ಮೂರು ಏಟು?

ಗಣಿತದ_ಮೇಷ್ಟ್ರು · ಭಾನುವಾರ, ಬೆಳಗ್ಗೆ 8:22

ಮೂರೂ ಬಿದ್ದವು ಅಮ್ಮಾ. ಎರಡನೆಯದು ಕೂದಲೆಳೆ ತಡ. ಅದೇ ಚೆನ್ನಾಗಿತ್ತು ಅಂತ ಕನ್ನಡ ಮೇಡಂ ಅಂದರು, ಹನಿ ಯೋಚನೆ ಮಾಡಿ ಬಿದ್ದ ಹಾಗೆ.

ದಾಯಾಂ_ಬಾಯಾಂ · ಭಾನುವಾರ, ಬೆಳಗ್ಗೆ 9:45

ಛಲೋ ಆತು ಸರ. ಎಲ್ಲಾರ ಸುದ್ದಿ ಹೇಳಿದ್ರಿ, ನಮ್ಮ ತಬಲಾ ಹುಡುಗ ಏನಂದ?

ಗಣಿತದ_ಮೇಷ್ಟ್ರು · ಭಾನುವಾರ, ಬೆಳಗ್ಗೆ 11:30

ಏನೂ ಅನ್ಲಿಲ್ಲ ಸರ್. ನಿನ್ನೆ ಎಲ್ಲ ಮುಗಿದ ಮೇಲೆ ತಬಲಾನೂ ಸುತ್ತಿಗೇನೂ ತಂದು ನನ್ನ ಕೈಗಿಟ್ಟ. "ಒಂದೂವರೆ ಮನೆಗೆ ವಾಪಸ್ ಇಳಿಸ್ಬೇಕು, ಈ ಸಲ ನೀವು ಮಾಡಿ ಸರ್" ಅಂದು ಹೊರಟೇಬಿಟ್ಟ. ಬೆಳಗ್ಗೆಯಿಂದ ತಟ್ಟುತ್ತಾ ಕೂತಿದ್ದೀನಿ. ತಬಲಾದ ಅಂಚಿನ ಸುತ್ತ ಇರೋ ಹದಿನಾರು ಮನೆಯಲ್ಲಿ ಹತ್ತು ಸೇರಿವೆ. ಹನ್ನೊಂದನೆಯದು ಸೇರಿಸಿದ್ರೆ ಮೊದಲನೆಯದು ಹೋಗುತ್ತೆ.